ಸಂಜೆಗೆ ಬರುವ ಏದುಸಿರು

ಕುಂದಾಪುರ ಸೀಮೆಯಲ್ಲಿ, ಘಟ್ಟದ ತಪ್ಪಲಿನಲ್ಲಿರುವ ಊರು ಕೆರಾಡಿ. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ಬಟ್ಟೆ ಒಣಗುವುದಿಲ್ಲ. ಕೂಡಿಟ್ಟ ಬೈಹುಲ್ಲಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಊರಿನ ಗೃಹಿಣಿಯೊಬ್ಬಳಿಗೆ ಏದುಸಿರು ಅಂಟಿತೆಂದು ಭಾವಿಸೋಣ.

ಮನೆಯ ಹಿರಿಯರು ಅದನ್ನು ದಮ್ಮು ಎನ್ನುತ್ತಾರೆ, ಕಷಾಯವಾಗುತ್ತದೆ. ಬಳಿಕ ಉಬ್ಬಸದ ಔಷಧ. ಅದಕ್ಕೂ ಬಗ್ಗದಿದ್ದರೆ ಕ್ಷಯದ ಶಂಕೆ. ಇದಕ್ಕಾಗಿ ವೈದ್ಯರನ್ನು ಹಳಿಯುವುದು ಸಲ್ಲದು. ಕ್ಷಯವು ಇಷ್ಟೊಂದು ಹಬ್ಬಿರುವ ದೇಶದಲ್ಲಿ ಅದನ್ನು ಶಂಕಿಸದಿರುವುದೇ ಪ್ರಮಾದವಾದೀತು. ಆದರೆ ಕಫದಲ್ಲಿ ರೋಗಾಣು ಕಾಣದೆ, ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಗುಣ ಕಾಣದೆ ಇರುವಾಗ ಅದೇ ಶಂಕೆಯನ್ನು ಹಿಡಿದು ಕೂರುವುದು ಅಪಾಯಕರ.

ಏದುಸಿರಿಗೆ ಕಾರಣಗಳು ಹಲವು. ಅವುಗಳಲ್ಲಿ ಎಲ್ಲರ ಕಣ್ಣಿಗೂ ಮಣ್ಣೆರಚುವಂಥದು ಒಂದುಂಟು. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಬೂಷ್ಟು ಹಿಡಿದ ಒಣಹುಲ್ಲಿನಲ್ಲಿ ದುಡಿದ ರೈತರ ಉಸಿರಾಟದ ತೊಂದರೆಯನ್ನು ವರ್ಣಿಸಿದರು. ತೇವದ ಹುಲ್ಲು ಒಳಗೊಳಗೇ ಬಿಸಿಯೇರಿದಾಗ ಬೆಳೆಯುವ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣವೆಂದು 1963ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಅವುಗಳ ಧೂಳನ್ನು ಕೆಲವರ ಶ್ವಾಸಕೋಶ ಸಹಿಸದು. ವಿಚಿತ್ರವೆಂದರೆ, ಬಾಧೆ ಕಾಣಿಸಿಕೊಳ್ಳುವುದು ನಾಲ್ಕರಿಂದ ಎಂಟು ಗಂಟೆಗಳ ತರುವಾಯ. ಬೆಳಗ್ಗೆ ಹಟ್ಟಿಯಲ್ಲಿ ಹುಲ್ಲು ಕೊಡವಿದವಳಿಗೆ ದೀಪ ಹಚ್ಚುವ ಹೊತ್ತಿಗೆ ಚಳಿಜ್ವರ, ಒಣಕೆಮ್ಮು, ಎದೆಬಿಗಿತ. ಬೆಳಗಿನ ಹುಲ್ಲಿಗೂ ಸಂಜೆಯ ಏದುಸಿರಿಗೂ ನಂಟುಂಟೆಂದು ಯಾರು ತಾನೇ ಊಹಿಸಿಯಾರು? ತವರಿಗೆ ಹೋದಾಗ ನಾಲ್ಕು ದಿನ ಹಾಯಾಗಿರುತ್ತಾಳೆ. ಗಂಡನ ಮನೆಗೆ ಮರಳಿದೊಡನೆ ಮತ್ತೆ ಅದೇ ಪಾಡು. ರೋಗದ ಗುಟ್ಟೆಲ್ಲ ಅಲ್ಲೇ ಇದೆ. ಅತ್ತೆಯವರಿಗಾದರೋ ಅದು ಕೆಲಸಗಳ್ಳತನವಾಗಿ ಕಂಡರೂ ಆಶ್ಚರ್ಯವಿಲ್ಲ!

ಪಟ್ಟಣಿಗರು ಇದು ಹಳ್ಳಿಯ ಕಾಯಿಲೆಯೆಂದು ನಿಶ್ಚಿಂತರಾಗಬೇಕಿಲ್ಲ. ಭಾರತದ 19 ನಗರಗಳ 27 ಆಸ್ಪತ್ರೆಗಳಲ್ಲಿ, ಶ್ವಾಸಕೋಶದ ಒಳಪದರ ಕೆಟ್ಟ 1,084 ರೋಗಿಗಳನ್ನು ಪರೀಕ್ಷಿಸಿದ ವರದಿಯೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 47ರಷ್ಟು ಮಂದಿಗೆ ಇದೇ ಜಾತಿಯ ರೋಗವಿತ್ತು. ಆ ಪೈಕಿ ಸುಮಾರು ಅರ್ಧದಷ್ಟು ಜನ ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಬಿಸಿಲುಮಚ್ಚಿನ ಪಾರಿವಾಳಗಳ ಹಿಕ್ಕೆಯೂ ಇದೇ ಕೇಡನ್ನು ತರಬಲ್ಲದು.

ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎದೆಯ ಸಿ.ಟಿ. ಸ್ಕ್ಯಾನ್, ಉಸಿರಿನ ಬಲವನ್ನು ಅಳೆಯುವ ಪರೀಕ್ಷೆ ಮುಂತಾದವು ಬೇಕಾಗುತ್ತವೆ. ಕೆರಾಡಿಯವರಿಗೆ ಅದೆಂದರೆ ಮೊದಲು ಕುಂದಾಪುರ, ಅಲ್ಲಿಂದ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲ. ಬಸ್ಸಿನ ಖರ್ಚು, ಒಂದು ದಿನದ ದುಡಿಮೆಯ ನಷ್ಟ. ಅಷ್ಟು ದೂರ ಹೋಗಿ ಸರದಿಯಲ್ಲಿ ಕಾದವಳಿಗೆ ವೈದ್ಯರೆದುರು ಸಿಗುವುದು ಕೆಲವೇ ನಿಮಿಷ. ಹಟ್ಟಿಯ ಸುದ್ದಿಯನ್ನು ಅವರು ಕೇಳುವುದಿಲ್ಲ. ಅದೂ ಹೇಳತಕ್ಕ ಮಾತೆಂದು ಇವಳಿಗೆ ತೋಚುವುದಿಲ್ಲ.

ಬೇಗ ಪತ್ತೆಯಾಗಿ ಆ ಧೂಳಿನಿಂದ ದೂರವಾದರೆ ಶ್ವಾಸಕೋಶ ಬಹುಮಟ್ಟಿಗೆ ಚೇತರಿಸಿಕೊಳ್ಳುವುದುಂಟು. ವರ್ಷಗಳು ಕಳೆದು ಅದು ಗಾಯದ ಕಲೆಯಂತೆ ಗಡುಸಾದ ಮೇಲೆ ಮೊದಲಿನಂತಾಗದು. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಒಂದು ಚೀಟಿ ಬರೆಸಿಕೊಳ್ಳಲಿ: ಯಾವ ದಿನ ಯಾವ ಕೆಲಸ ಮಾಡಿದ್ದು, ಎಷ್ಟು ಹೊತ್ತಿಗೆ ಉಸಿರು ಕಟ್ಟಿದ್ದು, ಈವರೆಗೆ ತೆಗೆದುಕೊಂಡ ಮದ್ದು ಯಾವುದು. ತವರಿಗೆ ಹೋಗಿಬಂದ ತಾರೀಖುಗಳೂ ಅದರಲ್ಲಿರಲಿ.