ಗಾರೆ ಹಚ್ಚುವ ಮುನ್ನ ಗೋಡೆ ನೋಡಿ



ಮನೆ ಕಟ್ಟುವಾಗ ನಮ್ಮ ಅಭಿಪ್ರಾಯ ಕೇಳುವುದು ಯಾವಾಗ ಹೇಳಿ? ಟೈಲ್ಸ್‌ನ ಬಣ್ಣ ಆರಿಸುವಾಗ, ಅಡುಗೆಮನೆಯ ಕಪಾಟಿನ ಎತ್ತರ ಗೊತ್ತುಮಾಡುವಾಗ. ಅಷ್ಟರಲ್ಲಿ ವಿದ್ಯುತ್ ತಂತಿ, ನೀರಿನ ಪೈಪು, ಕೊಳಚೆಯ ದಾರಿ ಎಲ್ಲವೂ ಗಾರೆಯೊಳಗೆ ಮುಚ್ಚಿಹೋಗಿರುತ್ತವೆ. ಆ ನಲ್ಲಿ, ಸ್ವಿಚ್ಚುಗಳನ್ನು ದಿನವಿಡೀ ಮುಟ್ಟುವವರು ಮಾತ್ರ ನಾವು ಮತ್ತು ನಮ್ಮ ಮಕ್ಕಳು. ಆದ್ದರಿಂದ ಗಾರೆಗೆ ಮುನ್ನ ಒಮ್ಮೆ ಹೋಗಿ ನೋಡಿ, ಕೇಳಿ. ಕೇಳಬೇಕಾದುದು ಮೂರೇ ವಿಷಯ.

ಮೊದಲನೆಯದು ವಿದ್ಯುತ್ತು. ಎಂಸಿಬಿ ಇದ್ದರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ಗೀಸರಿನ ಮೈಯಲ್ಲಿ ಕರೆಂಟು ಹರಿದಾಗ ಮನುಷ್ಯರನ್ನು ಕಾಪಾಡುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದರ ಜೊತೆಗೆ ಸರಿಯಾದ ಅರ್ಥಿಂಗ್ ಬೇಕು. ಬೈರಕೂರಿನ ಸುತ್ತಲಿನಂಥ ಒಣ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು. ದೀಪಕ್ಕೆ 1.5 ಚದರ ಮಿಲಿಮೀಟರ್ ತಂತಿ ಸಾಕು, ಗೀಸರಿಗೆ 4 ಇರಲಿ.

ಎರಡನೆಯದು ನೀರು. ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದಾಗಲೂ 1.5 ದಾಟಬಾರದು. ಕುದಿಸಿದರೆ ಇದು ಹೋಗುವುದಿಲ್ಲ, ಮಕ್ಕಳ ಹಲ್ಲಿಗೂ ಹಿರಿಯರ ಮೂಳೆಗೂ ಕೇಡು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು, ನೇರವಾಗಿ ಕುಡಿಯಲು ಅಲ್ಲ. ಹಾಗಾಗಿ ಕುಡಿಯುವ ನೀರಿಗೆ ಅಡುಗೆಮನೆಗೆ ಬೇರೆಯೇ ಪೈಪು ಎಳೆಸಿ. ತಾರಸಿಯ ಮಳೆನೀರಿಗೂ ಒಂದು ಪೈಪು ಇರಲಿ: ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ವುಝೂ ಮಾಡುವ ನಲ್ಲಿ ಕುಳಿತವರ ಕೈಗೆಟುಕುವ ಎತ್ತರದಲ್ಲಿರಲಿ, ವಯಸ್ಸಾದ ಅತ್ತೆ ಮಾವನಿಗೆ ಅನುಕೂಲ. ಟೈಲ್ಸ್ ಹಾಕುವ ಮುನ್ನ ಪೈಪುಗಳಲ್ಲಿ ಒತ್ತಡದಿಂದ ನೀರು ತುಂಬಿಸಿ ಸೋರಿಕೆ ಪರೀಕ್ಷಿಸಲು ಹೇಳಿ.

ಮೂರನೆಯದು ಕೊಳಚೆ. ಪೈಪಿಗೆ ಇಳಿಜಾರು ಸಾಲದಿದ್ದರೆ ಕಟ್ಟಿಕೊಳ್ಳುತ್ತದೆ. ಬಚ್ಚಲಿನ ಕೆಳಗೆ ಸ್ವಲ್ಪ ನೀರು ನಿಲ್ಲುವ ಬಾಗಿದ ಟ್ರ್ಯಾಪ್ ಇರಬೇಕು. ದುರ್ವಾಸನೆಯನ್ನೂ ಹುಳುಗಳನ್ನೂ ತಡೆಯುವುದು ಆ ನೀರೇ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಲಿ. ನೆರೆಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಕೊಳಚೆ ಅವರ ಬಿಂದಿಗೆ ಸೇರುವುದು ನ್ಯಾಯವಲ್ಲ.

ಇಷ್ಟೂ ನೋಡಿದ ಮೇಲೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ತಂತಿ ಎಲ್ಲಿದೆ, ಪೈಪು ಎಲ್ಲಿದೆ ಎಂದು ತಿಳಿಯುತ್ತದೆ. ಮೇಸ್ತ್ರಿ "ಇದೆಲ್ಲ ನಿಮಗ್ಯಾಕಮ್ಮ" ಎಂದರೆ ಬೇಸರಪಡದೆ ಇನ್ನೊಮ್ಮೆ ಕೇಳಿ. ಗಾರೆ ಒಣಗಿದ ಮೇಲೆ ತಪ್ಪು ತಿದ್ದಬೇಕಾದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ.