ಉಬ್ಬಿದ್ದು ಬಾಗಿಲು, ತಪ್ಪಿದ್ದು ನಾವು

ಊರಿನ ಮನೆಯ ಹೆಬ್ಬಾಗಿಲನ್ನು ಕಿತ್ತು ಉಕ್ಕಿನ ಬಾಗಿಲು ಕೂರಿಸಿದೆವೆಂದು ಹೆಮ್ಮೆಯಿಂದ ಹೇಳುವವರು ಮುಂಬಯಿಯ ನಮ್ಮ ಬಳಗದಲ್ಲಿ ಹೆಚ್ಚುತ್ತಿದ್ದಾರೆ. ಕಾರಣ ಕೇಳಿದರೆ ಉತ್ತರ ಸಿದ್ಧ: “ಮರ ಮೊದಲಿನಂತಿಲ್ಲ, ಆಚಾರಿಗಳೂ ಮೊದಲಿನಂತಿಲ್ಲ.” ಅಜ್ಜ ಮಾಡಿಸಿದ ಹಲಸಿನ ಬಾಗಿಲಿಗೂ ಇದೇ ಮಾತು! ಅರುವತ್ತು ಮಳೆಗಾಲ ಕರಾವಳಿಯಲ್ಲಿ ನಿಂತ ಮರ, ನಾವು ಯಜಮಾನರಾದ ಹತ್ತೇ ವರ್ಷದಲ್ಲಿ ಕೆಟ್ಟಿತಂತೆ. ಯಾರು ನಂಬಬೇಕು?

ನಾವು ಮಾಡುವುದೇನು? ಮೇ ತಿಂಗಳಲ್ಲಿ ಮದುವೆಯೋ ಪೂಜೆಯೋ ಇದ್ದರೆ ಇಲ್ಲಿಂದಲೇ ಒಂದು ಫೋನು: “ಬಾಗಿಲಿಗೆ ಪಾಲಿಶ್ ಹೊಡೆಸಿ, ನೆಂಟರು ಬರುತ್ತಾರೆ.” ಹೊಡೆಯುವುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅಂದರೆ ಫ್ರೆಂಚ್ ಪಾಲಿಶ್. ಬೀರುವಿಗೆ, ಮಂಚಕ್ಕೆ ಅದು ಸರಿ. ನೀರು ತಾಗುತ್ತಿದ್ದರೆ ಬೆಳ್ಳಗಾಗುತ್ತದೆ. ಫೋಟೊದಲ್ಲಿ ಮಿಂಚಿದ ಬಾಗಿಲು ಜೂನ್ ಕೊನೆಗೆ ಸುಣ್ಣ ಚೆಲ್ಲಿದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಕಣ್ಣಿಗೆ ಬೀಳದ ಕಡೆ ಇದೆ. ಮರ ಹೆಚ್ಚಾಗಿ ನೀರು ಕುಡಿಯುವುದು ಹಲಗೆಯನ್ನು ಅಡ್ಡ ಕೊಯ್ದ ತುದಿಯಿಂದ. ಮರ ಬದುಕಿದ್ದಾಗ ಬೇರಿನ ನೀರು ಏರಿದ ಕೊಳವೆಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಬಿ.ಎಸ್ಸಿ. ಓದುವಾಗ ಸೂಕ್ಷ್ಮದರ್ಶಕದಲ್ಲಿ ಅವನ್ನು ಕಂಡಿದ್ದ ನಮಗೂ ಸ್ವಂತ ಬಾಗಿಲಿನ ಅಡಿಯಂಚು ನೆನಪಾಗಲಿಲ್ಲ, ನಾಚಿಕೆಯಿಂದಲೇ ಒಪ್ಪುತ್ತೇವೆ. ಎದುರಿನ ಮುಖಕ್ಕೆ ಮೂರು ಕೋಟು, ಅಡಿಗೆ ಒಂದು ಹನಿಯೂ ಇಲ್ಲ. ಹೊಸ್ತಿಲಿಗೆ ಬಡಿದು ಚಿಮ್ಮಿದ ನೀರು ಅಲ್ಲಿಂದ ಏರಿ ಬಾಗಿಲು ಉಬ್ಬುತ್ತದೆ. ಉಬ್ಬಿತೆಂದು ಜುಲೈಯಲ್ಲಿ ಕೀಸುಳಿ ಹಾಕಿಸುತ್ತೇವೆ. ಕೀಸಿದ ಜಾಗ ಬರಿದೇ ಉಳಿದು ಇನ್ನಷ್ಟು ನೀರು ಕುಡಿಯುತ್ತದೆ. ಜನವರಿಯಲ್ಲಿ ಒಣಗಿ ಕುಗ್ಗಿದಾಗ ಸಂದಿಯಲ್ಲಿ ಬೆರಳು ಹೋಗುತ್ತದೆ. ಬೈಗುಳ ಮಾತ್ರ ಆಚಾರಿಗೆ!

ಹಿರಿಯರು ಗೇರೆಣ್ಣೆ ಬಳಿಯುತ್ತಿದ್ದರು. ಕಪ್ಪು ಬಣ್ಣ, ಕೈಗೆ ತಾಗಿದರೆ ಚರ್ಮ ಸುಡುತ್ತದೆ, ನೆಂಟರ ಮುಂದೆ ಶೋಭೆಯಿಲ್ಲ. ಆದರೆ ಅದನ್ನು ಮತ್ತೆ ಮತ್ತೆ ಬಳಿಯಲು ಮನೆಯಲ್ಲಿ ಒಬ್ಬರಿದ್ದರು. ಈಗ ಬಿಸಿಲನ್ನೂ ತಡೆಯುವ ಹೊರಾಂಗಣದ ವಾರ್ನಿಶ್ ಸಿಗುತ್ತದೆ. ಅದೂ ಬಿಸಿಲಿಗೆ ಸವೆಯುತ್ತದೆ. ಬಿರುಕು ಬಿಡುವ ಮೊದಲೇ ಮೇಲಿನಿಂದ ಮತ್ತೊಂದು ಕೋಟು ಬೀಳಬೇಕು. ಬೀಗ ಹಾಕಿದ ಮನೆಗೆ ಯಾರು ಬಳಿಯುತ್ತಾರೆ? ಉಕ್ಕಿನ ಬಾಗಿಲಾದರೆ ಚಿಂತೆಯಿಲ್ಲ ಎನ್ನುವವರು ಕಡಲ ಗಾಳಿಗೆ ತುಕ್ಕು ಹಿಡಿದ ತಮ್ಮದೇ ಕಿಟಕಿ ಸರಳುಗಳನ್ನು ನೋಡಿಲ್ಲವೆ?

ಊರಿಗೆಂದು ಎಲ್.ಟಿ.ಸಿ. ಪಡೆದು ಮದುವೆಯ ಹಿಂದಿನ ದಿನ ಇಳಿಯುವ ಚಾಳಿ ಬಿಡೋಣ. ಏಪ್ರಿಲ್‌ನಲ್ಲೇ ಹೋಗೋಣ. ಮರ ಚೆನ್ನಾಗಿ ಒಣಗಿರುವಾಗ ಬಿಜಾಗರಿ ಬಿಚ್ಚಿ, ಬಾಗಿಲನ್ನು ಚಾವಡಿಯಲ್ಲಿ ಮಲಗಿಸಿ, ಹಳೆಯ ಪಾಲಿಶನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ವಾರ್ನಿಶ್ ಬಳಿಯಬೇಕು. ಒಂದು ಕೋಟು ಒಣಗಿದ ಮೇಲೆಯೇ ಇನ್ನೊಂದು. ಮೂರು ನಾಲ್ಕು ದಿನದ ಕೆಲಸ. ಅಷ್ಟು ದಿನ ಅಡ್ಡಕ್ಕೆ ಒಂದು ಚಾಪೆ ಕಟ್ಟಿದರೆ ಸಾಕು.