ಇರುವೆಯ ಮನೆಗೆ ಯಾವ ಮಣ್ಣು?

ಕಳೆದ ರಜೆಯಲ್ಲಿ ನನ್ನ ಕಿರಿಯ ಮಗಳು ಗಾಜಿನ ಭರಣಿಯಲ್ಲಿ ಇರುವೆ ಸಾಕಲು ಹೊರಟಳು. ಗೋಡೆ ಬುಡದ ಮಣ್ಣನ್ನು ನಾನೇ ತುಂಬಿಸಿಕೊಟ್ಟೆ. ಮರುದಿನ ಬೆಳಿಗ್ಗೆ ಇರುವೆಗಳೆಲ್ಲ ಸತ್ತು ಬಿದ್ದಿದ್ದವು. "ಉಮ್ಮಾ, ನಾನೇನು ತಪ್ಪು ಮಾಡಿದೆ?" ಎಂದು ಅವಳು ಅತ್ತಳು. ತಪ್ಪು ಅವಳದ್ದಲ್ಲ, ನನ್ನದು. ಆ ಗೋಡೆಯ ಬುಡಕ್ಕೆ ಗೆದ್ದಲಿನ ಔಷಧಿ ಹಾಕಿಸಿದ್ದು ನನಗೆ ಮರೆತೇ ಹೋಗಿತ್ತು.

ಸಹೋದರಿಯರೇ, ನಿಮ್ಮ ಮಕ್ಕಳೂ ಇರುವೆ ಸಾಕಬೇಕೆಂದರೆ ಗದರಿಸಬೇಡಿ. ಮಣ್ಣು ಎಲ್ಲಿಯದೆಂದು ಮೊದಲು ವಿಚಾರಿಸಿ. ಔಷಧಿ ಹೊಡೆದ ತೋಟದ ಮಣ್ಣು ಬೇಡ. ಗೊಬ್ಬರ, ಬೇವಿನ ಹಿಂಡಿ ಬೆರೆಸಿದ ಹೂಕುಂಡದ್ದೂ ಬೇಡ. ಕಡಲ ಮರಳಿನಲ್ಲಿ ಉಪ್ಪಿರುತ್ತದೆ. ಔಷಧಿ ಸೋಕದ ಜಾಗದಲ್ಲಿ ಇರುವೆಗಳೇ ಗೂಡು ಮಾಡಿಕೊಂಡಿರುವ ಕಡೆಯ ಮಣ್ಣು ಒಳ್ಳೆಯದು.

ಅದನ್ನು ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಆರಿಸಿ. ಬೂಷ್ಟು, ನುಸಿಗಳು ಸಾಯುತ್ತವೆ. ಆದರೆ ಬಿಸಿ ಮಾಡಿದರೆ ಕೀಟನಾಶಕದ ವಿಷ ಹೋಗುತ್ತದೆಂದು ನಂಬಬೇಡಿ. ಅದರ ಹೊಗೆ ನಮಗೂ ಕೆಡುಕು. ಸಂಶಯವಿರುವ ಮಣ್ಣನ್ನು ಒಲೆಗೆ ಇಡಲೇಬೇಡಿ.

ಆರಿದ ಮೇಲೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಬರೀ ಒಣ ಮರಳಾದರೆ ಇರುವೆ ಕೊರೆದ ಸುರಂಗ ಕುಸಿಯುತ್ತದೆ.

ಕುರ್‌ಆನಿನ 27ನೇ ಅಧ್ಯಾಯಕ್ಕೆ ಇರುವೆಯದೇ ಹೆಸರು. ಅಷ್ಟು ಚಿಕ್ಕ ಜೀವವಾದರೂ, ಭರಣಿಯೊಳಗೆ ಹಾಕಿದ ಮೇಲೆ ಅದು ಓಡಿ ತಪ್ಪಿಸಿಕೊಳ್ಳಲಾರದು. ಅದರ ಹೊಣೆ ನಮ್ಮದೇ.

ಈ ಬಾರಿ ಮಣ್ಣು ಅಗೆಯುವ ಮೊದಲು ಮಗಳೇ ಕೇಳಿದಳು: "ಉಮ್ಮಾ, ಇಲ್ಲಿ ಔಷಧಿ ಹಾಕಿಲ್ಲ ತಾನೇ?"